ಸೈಟ್ ಹೇಳಿದ ಕೊರಿಯರ್‌ನಲ್ಲೇ ಕಳಿಸಬೇಕಾ? ಮನೆಯಿಂದ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಂಗಡಿ ಇಟ್ಟವಳಲ್ಲ. ಮನೆಯಲ್ಲಿ ಸುಮ್ನೆ ಕೂತಿದ್ದ ಪುಸ್ತಕ, ಹಳೇ ಕ್ಯಾಮೆರಾ, ಮಕ್ಕಳ ಆಟದ ಸಾಮಾನು ಆನ್‌ಲೈನ್ ಸೈಟ್‌ಗಳಲ್ಲಿ ಮಾರಲು ಶುರು ಮಾಡಿದೆ, ಹಾಗೇ ಅಭ್ಯಾಸವಾಯಿತು. ಈಗ ಎಷ್ಟೋ ಸೈಟ್‌ಗಳು ತಾವು ಕೊಡುವ ಲೇಬಲ್ (ಪಾರ್ಸೆಲ್ ಮೇಲೆ ಅಂಟಿಸುವ, ವಿಳಾಸ ಮತ್ತು ಬಾರ್‌ಕೋಡ್ ಇರುವ ಚೀಟಿ) ಹಾಕಿ, ತಾವು ಹೇಳಿದ ಕೊರಿಯರ್‌ನಲ್ಲೇ ಕಳಿಸಬೇಕು ಅಂತ ಕಡ್ಡಾಯ ಮಾಡಿವೆ. ನನ್ನ ಹಾಗೆ ಮಾರುವವರು ಈಗ ಬೆಲೆ ಎಷ್ಟಿಡಲಿ, ಫೋಟೋ ಹೇಗೆ ತೆಗೆಯಲಿ ಅಂತ ಕೇಳುವುದಕ್ಕಿಂತ ಡೆಲಿವರಿ ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಒಂದೊಂದು ಸೈಟ್‌ನ ನಿಯಮ ಒಂದೊಂದು ಥರ ಇರುತ್ತದೆ, ಆದ್ದರಿಂದ ನಿಮ್ಮ ಸೈಟ್‌ನ ಡೆಲಿವರಿ ಪುಟವನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಸಾಮಾನು ನಂದು, ಪಾರ್ಸೆಲ್ ಕಟ್ಟೋದು ನಾನು. ಯಾವ ಕೊರಿಯರ್ ಅಂತ ಇವರ್ಯಾಕೆ ಹೇಳಬೇಕು?

ಸಿಟ್ಟು ಬರುವುದು ಸಹಜ. ಕಾರಣ ಮಾತ್ರ ಒಂದಲ್ಲ, ಎರಡು ಮೂರು ಇವೆ. ಲೇಬಲ್ ಅವರದೇ ಆದರೆ ಪಾರ್ಸೆಲ್ ಎಲ್ಲಿದೆ ಅಂತ ಅವರ ಕಂಪ್ಯೂಟರ್‌ಗೆ ನೇರವಾಗಿ ಗೊತ್ತಾಗುತ್ತದೆ. ಯಾರೋ ಸುಳ್ಳು ಟ್ರ್ಯಾಕಿಂಗ್ ನಂಬರ್ ಹಾಕಿ ದುಡ್ಡು ಎತ್ತಿಕೊಂಡು ಹೋಗುವುದು ಕಷ್ಟವಾಗುತ್ತದೆ. ಕೊಳ್ಳುವವರಿಗೂ ಧೈರ್ಯ ಬರುತ್ತದೆ. ಇನ್ನೊಂದು ಕಾರಣ ದುಡ್ಡಿನದು. ಲಕ್ಷಗಟ್ಟಲೆ ಪಾರ್ಸೆಲ್ ಒಟ್ಟಿಗೆ ಕೊಡುವವರಿಗೆ ಕೊರಿಯರ್ ಕಂಪನಿ ಕಡಿಮೆ ದರ ಕೊಡುತ್ತದೆ.

ಉದಾಹರಣೆಗೆ ಬ್ರಿಟನ್ನಿನಲ್ಲಿ ಇಬೇ ಅನ್ನುವ ಮಾರಾಟದ ಸೈಟ್ 2024ರ ಅಕ್ಟೋಬರ್‌ನಲ್ಲಿ ಖಾಸಗಿ ಮಾರಾಟಗಾರರಿಗೆ ಬಹುತೇಕ ವಿಭಾಗಗಳಲ್ಲಿ ಮಾರಾಟ ಶುಲ್ಕ ತೆಗೆದುಹಾಕಿತು. 2025ರ ಫೆಬ್ರವರಿಯಿಂದ ಕೊಳ್ಳುವವರ ಮೇಲೆ ಶುಲ್ಕ ಬಂತು. ಅದೇ ವರ್ಷ ಖಾಸಗಿ ಮಾರಾಟಗಾರರಿಗೆ ತನ್ನದೇ ಲೇಬಲ್ ವ್ಯವಸ್ಥೆಯನ್ನೂ ತಂದಿತು. ಬಳಸಿದ ಬಟ್ಟೆ ಸಾಮಾನು ಮಾರುವ ವಿಂಟೆಡ್ ಸೈಟ್‌ನಲ್ಲಿ ಡೆಲಿವರಿ ಆರಿಸಿ ದುಡ್ಡು ಕಟ್ಟುವುದು ಕೊಳ್ಳುವವರು, ಮಾರುವವರಿಗೆ ಲೇಬಲ್ ಬರುತ್ತದೆ ಅಷ್ಟೇ. ಈ ದಾರಿಯಲ್ಲಿ ಎಲ್ಲರೂ ನಡೆಯುತ್ತಿದ್ದಾರೆ, ಹಿಂದಕ್ಕೆ ಹೋಗುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೊರಿಯರ್ ಆರಿಸಿದ್ದು ಅವರಾದರೆ, ದಾರಿಯಲ್ಲಿ ಆದ ನಷ್ಟಕ್ಕೂ ಅವರನ್ನೇ ಕೇಳುವ ಹಕ್ಕು ನಿಮಗಿದೆ. ಆದರೆ ನಿಮ್ಮ ಪಾಲಿನ ಕೆಲಸ ನೀವು ಸರಿಯಾಗಿ ಮಾಡಿದ್ದೀರಿ ಅಂತ ತೋರಿಸಬೇಕು. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಅದನ್ನು ತೋರಿಸುವುದು ಹೇಗೆ ಅನ್ನುವುದೇ.

ವರ್ಷಕ್ಕೆ ನಾಲ್ಕೈದು ಸಾಮಾನು ಮಾರೋ ನನಗೂ ಇದೆಲ್ಲಾ ಅನ್ವಯಿಸುತ್ತಾ?

ಹೌದು. ಎಷ್ಟೋ ಸೈಟ್‌ಗಳಲ್ಲಿ ವ್ಯಾಪಾರಿ ಖಾತೆ ಇರುವವರಿಗೆ ಕೊರಿಯರ್ ಆರಿಸುವ ಸ್ವಾತಂತ್ರ್ಯ ಇನ್ನೂ ಇದೆ, ಕಡ್ಡಾಯ ಇರುವುದು ಖಾಸಗಿಯಾಗಿ ಮಾರುವವರಿಗೇ. ಹಾಗಂತ ಸುಮ್ನೆ ವ್ಯಾಪಾರಿ ಖಾತೆಗೆ ಬದಲಾಯಿಸಿಕೊಳ್ಳಬೇಡಿ. ಮಾರಾಟ ಶುಲ್ಕ, ರಿಟರ್ನ್ ತಗೊಳ್ಳುವ ಬಾಧ್ಯತೆ, ತೆರಿಗೆ ಲೆಕ್ಕ ಎಲ್ಲ ಜೊತೆಗೇ ಬರುತ್ತವೆ. ಕೊರಿಯರ್ ಒಂದಕ್ಕಾಗಿ ಅಷ್ಟು ಹೊರೆ ಹೊರುವುದು ಲಾಭವಲ್ಲ.

ಪ್ರಿಂಟರ್ ಇಲ್ಲ. ಏನ್ ಮಾಡ್ಲಿ?

ಲೇಬಲ್ ತಗೊಳ್ಳುವಾಗ ಕ್ಯೂಆರ್ ಕೋಡ್ ಆಯ್ಕೆ ಇದೆಯಾ ನೋಡಿ. ಇದ್ದರೆ ಫೋನ್ ತೋರಿಸಿದರೆ ಸಾಕು, ಕೌಂಟರ್‌ನಲ್ಲೇ ಪ್ರಿಂಟ್ ತೆಗೆದು ಅಂಟಿಸುತ್ತಾರೆ. ಕೋಡ್‌ನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು. ನೀವೇ ಪ್ರಿಂಟ್ ಮಾಡುವುದಾದರೆ ಬಾರ್‌ಕೋಡ್ ಡಬ್ಬದ ಅಂಚಿನ ಮೇಲೆ ಮಡಚಿಕೊಳ್ಳದ ಹಾಗೆ ಅಂಟಿಸಿ. ಅದರ ಮೇಲೆ ಹೊಳೆಯುವ ಟೇಪ್ ಬೇಡ, ಬೆಳಕು ಪ್ರತಿಫಲಿಸಿ ಸ್ಕ್ಯಾನರ್‌ಗೆ ಓದಲು ಬರುವುದಿಲ್ಲ. ಹಳೇ ಡಬ್ಬ ಬಳಸಿದರೆ ಹಳೇ ಬಾರ್‌ಕೋಡ್‌ಗಳನ್ನೆಲ್ಲ ಕಿತ್ತುಹಾಕಿ, ಇಲ್ಲವೇ ಮಾರ್ಕರ್‌ನಿಂದ ಪೂರ್ತಿ ಹೊಡೆದುಹಾಕಿ. ಮೆಷಿನ್ ಹಳೇ ಕೋಡ್ ಓದಿದರೆ ಪಾರ್ಸೆಲ್ ಬೇರೆಯದೇ ದಾರಿ ಹಿಡಿಯುತ್ತದೆ.

ಅವರು ಹೇಳೋ ಕೊರಿಯರ್‌ನ ಪಾಯಿಂಟ್ ನಮ್ಮ ಹತ್ತಿರ ಇಲ್ಲವೇ ಇಲ್ಲ. ಪ್ರತಿ ಸಲ ಅಷ್ಟು ದೂರ ಹೋಗ್ಬೇಕಾ?

ಮಾರಾಟಕ್ಕೆ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಸಾಮಾನು ಮಾರಿಹೋದ ಮೇಲೆ ನೋಡಿದರೆ ತಡ. ಬಹಳ ಸೈಟ್‌ಗಳಲ್ಲಿ ಎರಡು ಮೂರು ಕೊರಿಯರ್ ಇರುತ್ತವೆ, ನಿಮಗೆ ಬೇಡವಾದದ್ದನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆಯಬಹುದು. ಮನೆಗೇ ಬಂದು ಒಯ್ಯುವ ಪಿಕಪ್ ಇದ್ದರೆ ಅದಕ್ಕೆ ಎಷ್ಟು ಜಾಸ್ತಿ ಅಂತ ಕೇಳಿ. ಆರೋಗ್ಯ ಸರಿ ಇಲ್ಲದವರು, ಓಡಾಡಲು ಆಗದವರು ಸಹಾಯ ವಿಭಾಗಕ್ಕೆ ಅದನ್ನೇ ನೇರವಾಗಿ ಬರೆಯಿರಿ, ಕಡ್ಡಾಯ ಲೇಬಲ್‌ನಿಂದ ವಿನಾಯಿತಿ ಕೊಡಲು ಆಗುತ್ತದಾ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ನನ್ನ ರೂಢಿ ಏನಂದರೆ, ವಾರದಲ್ಲಿ ಎರಡು ದಿನ ಮಾತ್ರ ಕಳಿಸುತ್ತೇನೆ. ಕಳಿಸಲು ಬೇಕಾದ ಸಮಯ ಮೂರು ದಿನ ಅಂತ ಜಾಹೀರಾತಿನಲ್ಲೇ ಹಾಕಿರುತ್ತೇನೆ. ಒಂದು ದಿನ ಅಂತ ಹಾಕಿ ತಡ ಮಾಡುವುದಕ್ಕಿಂತ ಇದು ಮೇಲು.

ತಗೊಳ್ಳೋರೇ ಮನೆಗೆ ಬಂದು ಒಯ್ತೀನಿ ಅಂತಾರೆ. ಕೊರಿಯರ್ ತಲೆನೋವೇ ಇಲ್ಲ, ಒಳ್ಳೇದಲ್ವಾ?

ದೊಡ್ಡ ಸಾಮಾನಿಗೆ ಒಳ್ಳೆಯದು. ಆದರೆ ಕೈಯಿಂದ ಕೈಗೆ ಕೊಟ್ಟದ್ದಕ್ಕೆ ಟ್ರ್ಯಾಕಿಂಗ್ ಇರುವುದಿಲ್ಲ. ಆಮೇಲೆ ಅವರು 'ಸಾಮಾನು ಬಂದಿಲ್ಲ' ಅಂತ ದೂರು ಕೊಟ್ಟರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಇದಕ್ಕೆಂದೇ ಕೆಲವು ಸೈಟ್‌ಗಳಲ್ಲಿ ಒಂದು ಕೋಡ್ ಇರುತ್ತದೆ, ಸಾಮಾನು ಕೊಡುವಾಗ ಅವರ ಕೋಡ್ ಅನ್ನು ನಿಮ್ಮ ಆ್ಯಪ್‌ನಲ್ಲಿ ಹಾಕಬೇಕು. ಕೋಡ್ ಹಾಕದೇ ಸಾಮಾನು ಕೊಡಬೇಡಿ, 'ಆಮೇಲೆ ಕಳಿಸ್ತೀನಿ' ಅಂದರೂ ಬೇಡ. ಆ ವ್ಯವಸ್ಥೆ ಇಲ್ಲದ ಕಡೆ ಆನ್‌ಲೈನ್‌ನಲ್ಲಿ ದುಡ್ಡು ತಗೊಂಡು ಸಾಮಾನು ಕೈಗೆ ಕೊಡುವುದನ್ನು ನಾನು ಮಾಡುವುದಿಲ್ಲ.

## ತೂಕ ಮತ್ತು ಅಳತೆ

3 ಕಿಲೋ ಇದ್ದ ಡಬ್ಬಕ್ಕೆ 14 ಕಿಲೋ ಚಾರ್ಜ್ ಹಾಕಿದ್ದಾರೆ. ಇದು ಮೋಸ ಅಲ್ವಾ?

ಬಹುಶಃ ಅಲ್ಲ. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಲಾರಿಯಲ್ಲಾಗಲಿ ವಿಮಾನದಲ್ಲಾಗಲಿ ತೂಕದಷ್ಟೇ ಜಾಗಕ್ಕೂ ಬೆಲೆ ಇದೆ. ಹಾಗಾಗಿ ಕೊರಿಯರ್‌ನವರು ಡಬ್ಬದ ಗಾತ್ರದಿಂದ ಒಂದು ತೂಕ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, 5000ದಿಂದ ಭಾಗಿಸುವುದು ಬಹಳ ಕಡೆ ನಡೆಯುವ ಲೆಕ್ಕ. ಕೆಲವರು 6000ದಿಂದಲೂ ಭಾಗಿಸುತ್ತಾರೆ. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜ್.

60, 40, 30 ಸೆಂಟಿಮೀಟರ್ ಇರುವ ಡಬ್ಬ ತಗೊಳ್ಳಿ. ಗುಣಿಸಿದರೆ 72,000. 5000ದಿಂದ ಭಾಗಿಸಿದರೆ 14.4 ಕಿಲೋ. ಒಳಗೆ ಬರೀ ಮೆತ್ತನೆಯ ಗೊಂಬೆ ಇದ್ದರೂ ಅಷ್ಟೇ.

ಹಾಗಾಗಿ ಡಬ್ಬ ಆರಿಸುವುದೇ ದೊಡ್ಡ ಉಳಿತಾಯ. ಬಟ್ಟೆ, ಗೊಂಬೆ, ಹೊದಿಕೆ ಇಂಥವನ್ನು ಡಬ್ಬದಲ್ಲಿ ಇಡದೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿ. ಒಡೆಯುವ ವಸ್ತುವಿಗೆ ಮಾತ್ರ ಜಾಗ ಬಿಡಿ, ಅಲ್ಲಿ ಜಿಪುಣತನ ಮಾಡಿದರೆ ನಷ್ಟ ಇನ್ನೂ ಜಾಸ್ತಿ.

ನಾನು ಸರಿಯಾಗೇ ಅಳೆದಿದ್ದೆ. ಆಮೇಲೆ 'ಅಳತೆ ವ್ಯತ್ಯಾಸ' ಅಂತ ದುಡ್ಡು ಕಟ್ ಮಾಡಿದ್ರು. ಹೇಗೆ ವಾದ ಮಾಡೋದು?

ನೀವು ಅಳೆದದ್ದು ಖಾಲಿ ಡಬ್ಬಾನಾ, ಸಾಮಾನು ತುಂಬಿ ಟೇಪ್ ಹಾಕಿದ ಡಬ್ಬಾನಾ? ಅರ್ಧ ಜಗಳ ಇಲ್ಲೇ ಇರುವುದು. ಕೊರಿಯರ್ ಕೇಂದ್ರದಲ್ಲಿ ಡಬ್ಬ ಬೆಲ್ಟ್ ಮೇಲೆ ಹೋಗುವಾಗಲೇ ಮೆಷಿನ್ ಅಳೆಯುತ್ತದೆ, ಅದು ಹಿಡಿಯುವುದು ಹೊರಗೆ ಉಬ್ಬಿದ ತುದಿಯನ್ನು. ಮೂರೂ ಕಡೆ 30 ಸೆಂ.ಮೀ. ಇರುವ ಡಬ್ಬ 5.4 ಕಿಲೋ ಲೆಕ್ಕಕ್ಕೆ ಬರುತ್ತದೆ. ಮೂರೂ ಕಡೆ ಎರಡೇ ಸೆಂ.ಮೀ. ಉಬ್ಬಿದರೆ 6.5 ಕಿಲೋ ದಾಟುತ್ತದೆ. ಮುಂದಿನ ದರದ ಹಂತಕ್ಕೆ ಹಾರಲು ಅಷ್ಟು ಸಾಕು.

ಅದಕ್ಕೆ ಪ್ಯಾಕ್ ಮಾಡಿ ಮುಗಿಸಿದ ಮೇಲೆ ಅಳೆಯಿರಿ, ಉಬ್ಬಿದ ಕಡೆಯೇ ಟೇಪ್ ಹಿಡಿಯಿರಿ, ಒಂದು ಸೆಂ.ಮೀ. ಮೇಲಕ್ಕೇ ಹಾಕಿ. ಆಮೇಲೆ ನಾಲ್ಕು ಫೋಟೋ: ತಕ್ಕಡಿಯ ಮೇಲೆ ಡಬ್ಬ, ತಕ್ಕಡಿಯ ಅಂಕಿ ಮತ್ತು ಲೇಬಲ್ ಎರಡೂ ಕಾಣಬೇಕು. ಜೊತೆಗೆ ಉದ್ದ, ಅಗಲ, ಎತ್ತರಕ್ಕೆ ಅಳತೆ ಟೇಪ್ ಇಟ್ಟು ಒಂದೊಂದು. ಅಷ್ಟಿದ್ದರೆ ದೂರಿನಲ್ಲಿ ಉದ್ದುದ್ದ ಬರೆಯುವ ಅಗತ್ಯವಿಲ್ಲ. 'ನನ್ನ ಅಳತೆ ಇಷ್ಟು, ಫೋಟೋ ಇದೆ, ನಿಮ್ಮ ಮೆಷಿನ್ ತೆಗೆದ ಚಿತ್ರ ಕಳಿಸಿ' ಅಂತ ಕೇಳಿ. ಗಡುವು ಮಾತ್ರ ನೋಡಿಕೊಳ್ಳಿ, ತೂಕದ ತಕರಾರಿಗೆ ಸಾಮಾನ್ಯವಾಗಿ ಕೆಲವೇ ದಿನ ಕೊಡುತ್ತಾರೆ.

## ಪಾರ್ಸೆಲ್ ಕೈಬಿಟ್ಟ ಮೇಲೆ

ಕೌಂಟರ್‌ನಲ್ಲಿ ಕೊಟ್ಟು ಬಂದು ನಾಲ್ಕು ದಿನ ಆಯ್ತು. ಇನ್ನೂ 'ಲೇಬಲ್ ಸಿದ್ಧವಾಗಿದೆ' ಅಂತಲೇ ತೋರಿಸ್ತಿದೆ!

ಇದು ನನಗೇ ಆಗಿದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಒಂದು ಹಳೇ ಕ್ಯಾಮೆರಾ ಲೆನ್ಸ್ ಮಾರಿದ್ದೆ. ಕೌಂಟರ್‌ನಲ್ಲಿ ಜನ ಜಾಸ್ತಿ ಇದ್ದರು. 'ಅಲ್ಲಿಡಿ, ಆಮೇಲೆ ಸ್ಕ್ಯಾನ್ ಮಾಡ್ತೀವಿ' ಅಂದರು. ಇಟ್ಟು ಬಂದೆ. ಆ ಪಾರ್ಸೆಲ್ ಒಂದು ಸಲವೂ ಸ್ಕ್ಯಾನ್ ಆಗಲಿಲ್ಲ. ಸೈಟ್‌ನವರ ದಾಖಲೆ ಪ್ರಕಾರ ನಾನು ಕಳಿಸಲೇ ಇಲ್ಲ. ತಗೊಂಡವರಿಗೆ ದುಡ್ಡು ವಾಪಸ್ ಹೋಯಿತು, ನನಗೆ ಲೆನ್ಸೂ ಇಲ್ಲ ದುಡ್ಡೂ ಇಲ್ಲ. ಕೊರಿಯರ್‌ಗೆ ಫೋನ್ ಮಾಡಿದರೆ 'ಲೇಬಲ್ ಕೊಂಡವರು ಸೈಟ್‌ನವರು, ಅವರೇ ಕೇಳಬೇಕು' ಅಂದರು. ಆ ಮಾತು ಸರಿಯೇ ಆಗಿತ್ತು, ಕೊರಿಯರ್ ಪಾಲಿಗೆ ಗಿರಾಕಿ ನಾನಲ್ಲ.

ಮೊದಲ ಸ್ಕ್ಯಾನ್ ಆಗುವವರೆಗೆ ಪಾರ್ಸೆಲ್ ನಿಮ್ಮ ಹೊಣೆ, ಆದ ಮೇಲೆ ಅವರ ಹೊಣೆ. ಎಷ್ಟೇ ಸಾಲಿದ್ದರೂ ನಿಂತು ಕಣ್ಣ ಮುಂದೆ ಸ್ಕ್ಯಾನ್ ಮಾಡಿಸಿ, ರಸೀದಿ ತಗೊಳ್ಳಿ. ರಸೀದಿಯಲ್ಲಿ ಟ್ರ್ಯಾಕಿಂಗ್ ನಂಬರ್ ಇದೆಯಾ ಅಂತ ಅಲ್ಲೇ ನೋಡಿ. ಅಲ್ಲೇ ಅದರ ಫೋಟೋ ತೆಗೆಯಿರಿ, ಆ ಕಾಗದದ ಅಕ್ಷರ ಬಿಸಿಯಿಂದ ಮೂಡಿಸಿದ್ದು, ಕೆಲ ತಿಂಗಳಲ್ಲಿ ಮಾಸಿಹೋಗುತ್ತದೆ. ಕೊರಿಯರ್‌ನ ಲಾಕರ್ ಪೆಟ್ಟಿಗೆಯಲ್ಲಿ ಹಾಕುವುದಾದರೆ ಬಾಗಿಲು ಮುಚ್ಚುವ ಮೊದಲು ಒಳಗಿನ ಪಾರ್ಸೆಲ್ ಮತ್ತು ಲಾಕರ್ ನಂಬರ್ ಸೇರಿಸಿ ಒಂದು ಸಣ್ಣ ವಿಡಿಯೋ. ಮನೆಗೆ ಪಿಕಪ್‌ಗೆ ಬಂದವರಿಗೂ ಇದೇ ಮಾತು: ಸ್ಕ್ಯಾನ್ ಮಾಡದೆ ಒಯ್ಯಲು ಬಿಡಬೇಡಿ.

ಡೆಲಿವರಿ ಆಗಿದೆ ಅಂತ ತೋರಿಸ್ತಿದೆ. ತಗೊಂಡವರು ಮಾತ್ರ ಬಂದೇ ಇಲ್ಲ ಅಂತಾರೆ. ಯಾರನ್ನ ನಂಬ್ತಾರೆ?

ಸಾಮಾನ್ಯವಾಗಿ ಟ್ರ್ಯಾಕಿಂಗ್ ಅನ್ನು ನಂಬುತ್ತಾರೆ, ಹಾಗಾಗಿ ಇಲ್ಲಿ ಕಡ್ಡಾಯ ಲೇಬಲ್ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ತಗೊಂಡವರ ಮೇಲೆ ತಕ್ಷಣ ಅನುಮಾನ ಪಡಬೇಡಿ. ಪಕ್ಕದ ಮನೆಯಲ್ಲಿ ಕೊಟ್ಟಿರುತ್ತಾರೆ, ಕಾವಲುಗಾರರ ಹತ್ತಿರ ಇರುತ್ತದೆ, ಎಷ್ಟೋ ಸಲ ಮರುದಿನ ಸಿಗುತ್ತದೆ. ಡೆಲಿವರಿ ಫೋಟೋ ಇದ್ದರೆ ಅವರಿಗೆ ಕಳಿಸಿ. ನೀವೇ ಕರುಣೆಯಿಂದ ದುಡ್ಡು ವಾಪಸ್ ಮಾಡಿಬಿಟ್ಟರೆ ಆ ಪ್ರಕರಣ ಅಲ್ಲಿಗೆ ಮುಗಿಯಿತು ಅಂತ ತಿಳಿಯಿರಿ, ಆಮೇಲೆ ಪರಿಹಾರ ಸಿಗುವುದು ಬಹಳ ಕಷ್ಟ. ದೂರನ್ನು ಸೈಟ್ ಒಳಗೇ ಕೊಡಲು ಹೇಳಿ.

ಒಡೆದು ಹೋಗಿದೆಯಂತೆ. ಕೊರಿಯರ್ ಅವರು ಆರಿಸಿದ್ದು, ನಷ್ಟ ಮಾತ್ರ ನಂದ್ಯಾಕೆ?

ಕೇಳುವುದು ನ್ಯಾಯವಾಗಿದೆ. ಉತ್ತರ ಎರಡು ವಿಷಯದ ಮೇಲೆ ನಿಂತಿದೆ. ನಿಮ್ಮ ಸಾಮಾನು 'ಪರಿಹಾರ ಇಲ್ಲದ ವಸ್ತುಗಳ' ಪಟ್ಟಿಯಲ್ಲಿ ಇದೆಯಾ? ಪ್ಯಾಕಿಂಗ್ ಸಾಕಷ್ಟು ಗಟ್ಟಿಯಾಗಿತ್ತಾ?

ಪಟ್ಟಿಯನ್ನು ಬಹಳ ಜನ ಓದುವುದೇ ಇಲ್ಲ. ಗಾಜು, ಪಿಂಗಾಣಿ, ಟೀವಿ ಪರದೆ, ಒಡವೆ ಇಂಥವು ಆ ಪಟ್ಟಿಯಲ್ಲಿ ಇರುವುದು ಸಾಮಾನ್ಯ. ಅಂದರೆ ಕಳಿಸಬಹುದು, ಕಳೆದರೋ ಒಡೆದರೋ ದುಡ್ಡು ಸಿಗುವುದಿಲ್ಲ. ಗಾಜು ಮಾರುವವರಿಗೆ ಗಾಜಿಗೆ ಪರಿಹಾರ ಇಲ್ಲದ ಕೊರಿಯರ್ ಅನ್ನೇ ಕಡ್ಡಾಯ ಮಾಡುವುದು ತಪ್ಪು, ಇದನ್ನು ಸೈಟ್‌ಗಳಿಗೆ ಮತ್ತೆ ಮತ್ತೆ ಬರೆದು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ಯಾಕಿಂಗ್ ವಿಷಯಕ್ಕೆ ಬಂದರೆ, ಸಾಗಣೆ ಪ್ಯಾಕಿಂಗ್ ಪರೀಕ್ಷೆಗೆ ಐಎಸ್‌ಟಿಎ ಅನ್ನುವ ಸಂಸ್ಥೆಯ ನಿಯಮಗಳಿವೆ. ಅದರ ಒಂದು ಸರಳ ಪರೀಕ್ಷೆಯಲ್ಲಿ 10 ಕಿಲೋಗಿಂತ ಹಗುರ ಡಬ್ಬವನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ಅದು ಸುಮಾರು ಊಟದ ಮೇಜಿನ ಎತ್ತರ. ನಿಮ್ಮ ಡಬ್ಬ ಮೇಜಿನಿಂದ ಹತ್ತು ಸಲ ಬಿದ್ದರೆ ಒಳಗಿನದು ಉಳಿಯುತ್ತದಾ ಅಂತ ಕೇಳಿಕೊಳ್ಳಿ. ಸುತ್ತಲೂ ಐದು ಸೆಂ.ಮೀ. ಮೆತ್ತೆ ಇರಲಿ, ಅಲುಗಾಡಿಸಿದರೆ ಒಳಗೆ ಏನೂ ಸರಿಯಬಾರದು. ತುಂಬಾ ನಾಜೂಕಾದದ್ದಕ್ಕೆ ಡಬ್ಬದೊಳಗೆ ಡಬ್ಬ. 'ಜೋಪಾನ, ಒಡೆಯುವ ವಸ್ತು' ಅನ್ನುವ ಚೀಟಿ ನಂಬಿಕೊಂಡು ಕೂರಬೇಡಿ, ಬೆಲ್ಟ್ ಮೆಷಿನ್‌ಗೆ ಅದು ಕಾಣುವುದಿಲ್ಲ.

ಒಡೆದ ಸುದ್ದಿ ಬಂದ ತಕ್ಷಣ ತಗೊಂಡವರಿಗೆ ಹೀಗೆ ಬರೆಯಿರಿ: ಡಬ್ಬ, ಒಳಗಿನ ಮೆತ್ತೆ, ಸಾಮಾನು ಯಾವುದನ್ನೂ ಎಸೆಯಬೇಡಿ, ಡಬ್ಬದ ಆರೂ ಕಡೆಯ ಫೋಟೋ ಕಳಿಸಿ. ಡಬ್ಬ ಎಸೆದುಬಿಟ್ಟರೆ ಪರಿಹಾರದ ಅರ್ಜಿ ಹೆಚ್ಚುಕಡಿಮೆ ಮುಗಿದ ಹಾಗೆ.

ಡೆಲಿವರಿ ಆಗೋವರೆಗೂ ನನ್ನ ದುಡ್ಡು ಹಿಡಿದಿಟ್ಕೊಳ್ತಾರೆ. ಇದು ಸರಿನಾ?

ನಿಯಮದಲ್ಲಿ ಬರೆದಿದ್ದಾರೆ, ನಾವು ಒಪ್ಪಿಕೊಂಡಿದ್ದೇವೆ. ವಿಂಟೆಡ್‌ನಲ್ಲಿ ಸಾಮಾನು ತಲುಪಿದ ಮೇಲೆ ತಗೊಂಡವರಿಗೆ ತಕರಾರು ಹೇಳಲು 2 ದಿನ ಇದೆ, ಆಮೇಲೆ ದುಡ್ಡು ಬಿಡುಗಡೆ. ಮನೆಯ ಸಾಮಾನು ಮಾರಿ ಆ ದುಡ್ಡಿನಲ್ಲೇ ತಿಂಗಳು ದೂಡುವವರಿಗೆ ಈ ಕಾಯುವಿಕೆ ನಿಜಕ್ಕೂ ಕಷ್ಟ. ನಮ್ಮ ಕೈಯಲ್ಲಿ ಇರುವುದು ಇಷ್ಟೇ: ಬೇಗ ಕಳಿಸುವುದು, ಮತ್ತು ಕೈಗೆ ಬರದ ದುಡ್ಡನ್ನು ಲೆಕ್ಕಕ್ಕೆ ಸೇರಿಸದೇ ಇರುವುದು. ತಲುಪಿ ವಾರವಾದರೂ ಬಿಡುಗಡೆ ಆಗದಿದ್ದರೆ ಬರೆದು ಕೇಳಿ, ಎಷ್ಟೋ ಸಲ ಡೆಲಿವರಿ ಸ್ಕ್ಯಾನ್ ತಪ್ಪಿಹೋಗಿರುತ್ತದೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಪವರ್ ಬ್ಯಾಂಕ್, ಸೆಂಟ್ ಬಾಟಲಿ ಕಳಿಸಬಾರದು ಅಂತಾರೆ. ಅಂಗಡಿಯವರು ಕಳಿಸ್ತಾರಲ್ಲ?

ಅವರಿಗೆ ಅದಕ್ಕೆ ಬೇರೆ ಒಪ್ಪಂದ, ಬೇರೆ ಗುರುತು, ತರಬೇತಿ ಇರುತ್ತದೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ಅದಕ್ಕೇ 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು ನಿಲ್ಲಿಸಿದ್ದಾರೆ. ಪವರ್ ಬ್ಯಾಂಕ್ ಅನ್ನು ಬಿಡಿ ಬ್ಯಾಟರಿ ಅಂತಲೇ ಎಣಿಸುತ್ತಾರೆ. ಫೋನ್, ಕ್ಯಾಮೆರಾ ಒಳಗೆ ಕೂತಿರುವ ಬ್ಯಾಟರಿಗೆ ನಿಯಮ ಸ್ವಲ್ಪ ಸಡಿಲ, ಆದರೂ ಆಫ್ ಮಾಡಿ, ತಾನಾಗಿ ಆನ್ ಆಗದಂತೆ ಕಟ್ಟಿ. ಸೆಂಟ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಉರಿಯುವ ದ್ರವ. 'ಬಟ್ಟೆ' ಅಂತ ಬರೆದು ಕಳಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅಪಾಯ ನಿಮ್ಮ ಪಾರ್ಸೆಲ್ ಒಂದಕ್ಕಲ್ಲ.

ಬೆಲೆಬಾಳೋ ವಸ್ತು, ಇವರ ಪರಿಹಾರದ ಮಿತಿ ಕಡಿಮೆ. ಸುಮ್ನೆ ನನ್ನದೇ ಕೊರಿಯರ್‌ನಲ್ಲಿ ವಿಮೆ ಮಾಡಿ ಕಳಿಸಿದ್ರೆ?

ನಿಯಮ ಕಡ್ಡಾಯ ಅಂದಿದ್ದರೆ ಬೇಡ. ನೀವು ಎಷ್ಟೇ ಒಳ್ಳೆಯ ಕೊರಿಯರ್ ಆರಿಸಿದರೂ ಸೈಟ್‌ನ ಲೇಬಲ್ ಬಳಸದಿದ್ದರೆ ಅವರ ರಕ್ಷಣೆ ಪೂರ್ತಿ ಹೋಗುತ್ತದೆ. ತಗೊಂಡವರು ಸುಳ್ಳು ದೂರು ಕೊಟ್ಟರೂ ನಿಮ್ಮ ಮಾತು ನಡೆಯುವುದಿಲ್ಲ. ಮೊದಲು ಬೇರೆ ದಾರಿ ನೋಡಿ. ತುಂಬಾ ಬೆಲೆಯ ಅಥವಾ ತುಂಬಾ ದೊಡ್ಡ ಸಾಮಾನನ್ನು ಕಡ್ಡಾಯದಿಂದ ಹೊರಗಿಟ್ಟಿರಬಹುದು. ಲೇಬಲ್ ತಗೊಳ್ಳುವಾಗಲೇ ಹೆಚ್ಚಿನ ಪರಿಹಾರ ಕೊಂಡುಕೊಳ್ಳಲು ಬರಬಹುದು. ಎರಡೂ ಇಲ್ಲದಿದ್ದರೆ ನಾನಂತೂ ಆ ವಸ್ತುವನ್ನು ಅಲ್ಲಿ ಮಾರುವುದಿಲ್ಲ, ಕೈಯಿಂದ ಕೈಗೆ ಕೊಡಬಹುದಾದ ಕಡೆ ಮಾರುತ್ತೇನೆ.

ರಿಟರ್ನ್ ಬಂದ ಡಬ್ಬದಲ್ಲಿ ನನ್ನ ಸಾಮಾನೇ ಇಲ್ಲ, ಬೇರೆ ಏನೋ ಇದೆ!

ತೆರೆಯುವ ಮೊದಲು ನಿಲ್ಲಿ. ಯಾವ ರಿಟರ್ನ್ ಬಂದರೂ ತೂಕ ನೋಡಿ, ವಿಡಿಯೋ ಶುರು ಮಾಡಿ ಆಮೇಲೆ ಟೇಪ್ ಕತ್ತರಿಸಿ. ಲೇಬಲ್‌ನಿಂದ ಶುರುವಾಗಿ ಒಳಗಿನ ಸಾಮಾನು ಕಾಣುವವರೆಗೆ ವಿಡಿಯೋ ಎಲ್ಲೂ ತುಂಡಾಗಬಾರದು. ಕಳಿಸುವಾಗಲೇ ಸೀರಿಯಲ್ ನಂಬರ್, ಫೋನ್ ಆದರೆ ಐಎಂಇಐ (ಪ್ರತಿ ಫೋನ್‌ಗೂ ಇರುವ ಬೇರೆ ಬೇರೆ ಗುರುತಿನ ಸಂಖ್ಯೆ), ಗೀರು ಕಲೆಗಳ ಫೋಟೋ ಇಟ್ಟುಕೊಂಡಿದ್ದರೆ ಹೋಲಿಸಿ ತೋರಿಸಬಹುದು. ಇಲ್ಲೂ ಕಡ್ಡಾಯ ಲೇಬಲ್‌ನ ಒಂದು ಪ್ರಯೋಜನ ಇದೆ. ಹೋಗುವಾಗಿನ ತೂಕ, ಬರುವಾಗಿನ ತೂಕ ಎರಡೂ ಅದೇ ಕೊರಿಯರ್‌ನ ಮೆಷಿನ್‌ನಲ್ಲಿ ದಾಖಲಾಗಿರುವ ಸಾಧ್ಯತೆ ಇದೆ. 'ಎರಡೂ ಸಲದ ತೂಕ ತೆಗೆದು ನೋಡಿ' ಅಂತ ಕೇಳಿ.

ಬೇರೆ ದೇಶಕ್ಕೆ ಕಳಿಸೋದು ಸೈಟ್ ಮೂಲಕವೇ ಆಗ್ಬೇಕಂತೆ. ಒಳ್ಳೇದಾ ಕೆಟ್ಟದ್ದಾ?

ನನ್ನ ಮಟ್ಟಿಗೆ ಒಳ್ಳೆಯದು. ನಿಮ್ಮ ದೇಶದೊಳಗೇ ಇರುವ ಸೈಟ್‌ನ ಕೇಂದ್ರಕ್ಕೆ ತಲುಪಿಸಿದರೆ ಮುಂದಿನ ಕಸ್ಟಮ್ಸ್ ಕೆಲಸ, ತೆರಿಗೆ ಎಲ್ಲ ಅವರದು. ನೀವೇ ಅಂಚೆಯಲ್ಲಿ ಕಳಿಸಿದರೆ ಸಿಎನ್ 22 ಅಥವಾ ಸಿಎನ್ 23 ಅನ್ನುವ ಕಸ್ಟಮ್ಸ್ ನಮೂನೆ ತುಂಬಬೇಕು, ಬೆಲೆ ಸುಳ್ಳು ಬರೆಯುವ ಹಾಗಿಲ್ಲ, ಬರೆದರೆ ಪರಿಹಾರವೂ ಅಷ್ಟಕ್ಕೇ ಸಿಗುವುದು. ಅಂಚೆಯಲ್ಲಿ ದೇಶ ದಾಟುವ ಪಾರ್ಸೆಲ್‌ನ ನಂಬರ್ 13 ಅಕ್ಷರದ್ದು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಇದು ವಿಶ್ವ ಅಂಚೆ ಒಕ್ಕೂಟದ ನಿಯಮ, ಆದ್ದರಿಂದ ತಲುಪುವ ದೇಶದ ಅಂಚೆ ಸೈಟ್‌ನಲ್ಲೂ ಅದೇ ನಂಬರ್ ಹಾಕಿ ಹುಡುಕಬಹುದು.

ಎರಡು ಸಲ ಮನವಿ ಕೊಟ್ಟೆ, ಎರಡು ಸಲವೂ ಒಂದೇ ಉತ್ತರ ಬಂತು. ಇನ್ನೇನು ದಾರಿ?

ಬಹುಶಃ ಎರಡು ಸಲವೂ ನೀವು ಕಥೆ ಪೂರ್ತಿ ಬರೆದಿದ್ದೀರಿ. ನೋವಾದಾಗ ಹಾಗೇ ಬರೆಯುತ್ತೇವೆ, ಅದು ತಪ್ಪಲ್ಲ. ಆದರೆ ಓದುವವರಿಗೆ ಸಮಯ ಇರುವುದಿಲ್ಲ. ಮೂರನೇ ಸಲ ತಾರೀಖಿನ ಪ್ರಕಾರ ಐದಾರು ಸಾಲು ಬರೆಯಿರಿ: ಈ ದಿನ ಮಾರಾಟ, ಈ ದಿನ ಇಷ್ಟು ಗಂಟೆಗೆ ಸ್ಕ್ಯಾನ್, ಈ ದಿನ ದೂರು. ಪ್ರತಿ ಸಾಲಿಗೆ ಒಂದು ಫೋಟೋ. ಅವರದೇ ನಿಯಮದ ಸಾಲನ್ನು ಎತ್ತಿ ಬರೆಯಿರಿ. ಕೊನೆಗೆ ಒಂದೇ ಬೇಡಿಕೆ. 'ಲೇಬಲ್ ನಿಮ್ಮದು, ಕೊರಿಯರ್ ಜೊತೆ ಒಪ್ಪಂದ ನಿಮ್ಮದು, ಸ್ಕ್ಯಾನ್ ಆದ ಮೇಲೆ ಕಳೆದಿದೆ, ಆದ್ದರಿಂದ ಇಷ್ಟು ಮೊತ್ತ ಕೊಡಿ' ಅಂತ.

ಅದೂ ಆಗದಿದ್ದರೆ ಸೈಟ್‌ನ ಅಧಿಕೃತ ದೂರು ವಿಭಾಗಕ್ಕೆ ಹೋಗಿ. ಅದು ಸಹಾಯ ಚಾಟ್‌ಗಿಂತ ಬೇರೆ, ಸಾಮಾನ್ಯವಾಗಿ ಬಳಕೆ ನಿಯಮಗಳ ಪುಟದ ಕೊನೆಯಲ್ಲಿ ವಿಳಾಸ ಇರುತ್ತದೆ. ಅಲ್ಲಿಂದ ಅಂತಿಮ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಸಣ್ಣ ಮೊತ್ತದ ದಾವೆಗೆ ಹಲವು ದೇಶಗಳಲ್ಲಿ ವಕೀಲರಿಲ್ಲದೆ ಹೋಗಬಹುದಾದ ನ್ಯಾಯಾಲಯಗಳಿವೆ, ಅಲ್ಲಿ ಆ ಕಾಗದ ಬೇಕಾಗಬಹುದು. ಕಾರ್ಡ್‌ನಲ್ಲಿ ಕೊಟ್ಟ ದುಡ್ಡನ್ನು ತಗೊಂಡವರು ಬ್ಯಾಂಕ್ ಮೂಲಕ ವಾಪಸ್ ಕೇಳಲು ಸಾಮಾನ್ಯವಾಗಿ 120 ದಿನದವರೆಗೂ ಅವಕಾಶ ಇರುತ್ತದೆ. ಹಾಗಾಗಿ ಫೋಟೋ, ರಸೀದಿ, ಮೆಸೇಜ್ ಎಲ್ಲವನ್ನೂ ಕಡಿಮೆ ಅಂದರೂ ಆರು ತಿಂಗಳು ಅಳಿಸಬೇಡಿ. ನಾನು ಒಂದೊಂದು ಮಾರಾಟಕ್ಕೂ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಹೆಸರಿನ ಜಾಗದಲ್ಲಿ ಟ್ರ್ಯಾಕಿಂಗ್ ನಂಬರ್ ಹಾಕಿಡುತ್ತೇನೆ.